ಬಿಸಿಯಾದ ಮೇಲೆ ಕುಂಟುವ ಅಂಬಾಸಿಡರ್: ಕಾರ್ಬುರೇಟರಿಗೆ ಕೈ ಹಾಕುವ ಮುಂಚೆ

ಪ್ರಶ್ನೆ: ನಮ್ಮ ಮನೆಯಲ್ಲಿ ತಂದೆಯವರು ಓಡಿಸುತ್ತಿದ್ದ 1978ರ ಅಂಬಾಸಿಡರ್ ಮಾರ್ಕ್ 3 ಇದೆ. ಪೆಟ್ರೋಲ್ ಗಾಡಿ, ಎಸ್‌ಯು ಕಾರ್ಬುರೇಟರ್. ಬೆಳಿಗ್ಗೆ ಚೋಕ್ ಎಳೆದು ಸ್ಟಾರ್ಟ್ ಮಾಡಿದರೆ ಒಂದೇ ಸೆಲ್ಫಿಗೆ ಹಿಡಿಯುತ್ತದೆ, ಐಡ್ಲಿಂಗ್ ಕೂಡ ನಯವಾಗಿರುತ್ತದೆ. ಮೈಸೂರಿನಿಂದ ನಂಜನಗೂಡಿಗೆ ಹೋಗಿ ಬರುವಷ್ಟರಲ್ಲಿ ಎಂಜಿನ್ ಚೆನ್ನಾಗಿ ಕಾದಿರುತ್ತದೆ. ಆಗ ಸಿಗ್ನಲ್‌ನಲ್ಲಿ ನಿಂತರೆ ಕುಂಟತೊಡಗುತ್ತದೆ, ಸ್ಟೀರಿಂಗ್ ಪಕ್ಕದ ಗೇರ್ ಲಿವರ್ ಗಡಗಡ ನಡುಗುತ್ತದೆ, ರೇಸ್ ಕೊಡದಿದ್ದರೆ ಆಫ್ ಆಗುತ್ತದೆ. ಓಡುವಾಗ ಏನೂ ತೊಂದರೆಯಿಲ್ಲ. ಎರಡು ಸಲ ಕಾರ್ಬುರೇಟರ್ ಬಿಚ್ಚಿ ತೊಳೆಸಿದ್ದಾಯಿತು. ಈಗ ಮೆಕ್ಯಾನಿಕ್ ‘ಕಾರ್ಬುರೇಟರೇ ಹೋಗಿದೆ, ಬೇರೆ ಹಾಕಿಸಿ’ ಎನ್ನುತ್ತಿದ್ದಾರೆ. ಮುಂದಿನ ತಿಂಗಳು ಇದರಲ್ಲೇ ಮಡಿಕೇರಿಗೆ ಹೋಗುವ ಆಸೆ. ಏನು ಮಾಡಲಿ?

ಉತ್ತರ: ಸದ್ಯಕ್ಕೆ ಹೊಸ ಕಾರ್ಬುರೇಟರಿಗೆ ದುಡ್ಡು ಕೊಡಬೇಡಿ. ಅದು ಸವೆದಿರಲೂಬಹುದು, ಇಷ್ಟು ವರ್ಷ ದುಡಿದ ಎಸ್‌ಯು ಸವೆಯದೆ ಇದ್ದರೇ ಆಶ್ಚರ್ಯ. ಆದರೆ ಅದರ ಸರದಿ ಕಡೆಯದು. ಮೊದಲು ಟ್ಯಾಪೆಟ್ (ವಾಲ್ವಿನ ಸಂದು), ಆಮೇಲೆ ಕಿಡಿಗೆ ಸಂಬಂಧಿಸಿದ ಪಾಯಿಂಟ್ ಮತ್ತು ಕಂಡೆನ್ಸರ್, ಆಮೇಲೆ ಎಲ್ಲಿಂದಾದರೂ ಕಳ್ಳಗಾಳಿ ಒಳಗೆ ನುಗ್ಗುತ್ತಿದೆಯೇ ಎಂಬುದು. ಈ ಮೂರೂ ನೆಟ್ಟಗಿವೆ ಎಂದು ಖಾತ್ರಿಯಾದ ಮೇಲಷ್ಟೇ ಕಾರ್ಬುರೇಟರಿನ ನಟ್ಟಿಗೆ ಪಾನಾ ಹಾಕಬೇಕು. ಐಡ್ಲಿಂಗ್ ಸ್ಕ್ರೂ ಎಂಬುದು ಎಲ್ಲ ದೋಷಗಳನ್ನೂ ಎರಡು ದಿನ ಮುಚ್ಚಿಡಬಲ್ಲ ಸ್ಕ್ರೂ. ಮೂರನೆಯ ದಿನ ಗಾಡಿ ಮತ್ತೆ ಗ್ಯಾರೇಜಿನ ಮುಂದೆ ನಿಂತಿರುತ್ತದೆ.

ಈ ಪಾಠಕ್ಕೆ ನಾನೂ ಫೀಸು ಕಟ್ಟಿದವನೇ. ನನ್ನದೇ ಗಾಡಿಗೆ ಎರಡು ಕಾರ್ಬುರೇಟರ್ ಕಿಟ್, ಹೊಸ ಜೆಟ್, ಹೊಸ ಸೂಜಿ ಎಲ್ಲ ಹಾಕಿ ಮುಗಿಸಿದ ಮೇಲೆ ಕಾರಣ ಸಿಕ್ಕಿದ್ದು ಬೆರಳಿನ ತುದಿಯಷ್ಟಿದ್ದ ಒಂದು ರಬ್ಬರ್ ಟೋಪಿಯಲ್ಲಿ. ಇನ್‌ಟೇಕ್ ಮ್ಯಾನಿಫೋಲ್ಡಿನ (ಕಾರ್ಬುರೇಟರಿನಿಂದ ಎಂಜಿನ್ನಿಗೆ ಗಾಳಿ, ಪೆಟ್ರೋಲ್ ಒಯ್ಯುವ ಕೊಳವೆಯ) ಒಂದು ನಳಿಗೆಗೆ ಯಾರೋ ಯಾವತ್ತೋ ಸಿಕ್ಕಿಸಿದ್ದ ಟೋಪಿ ಅದು. ತಣ್ಣಗಿದ್ದಾಗ ಸೆಟೆದು ಬಾಯಿ ಮುಚ್ಚಿಕೊಂಡಿರುತ್ತಿತ್ತು. ಕಾದು ಮೆತ್ತಗಾದಾಗ ಅದರಲ್ಲಿದ್ದ ಕೂದಲೆಳೆಯಂಥ ಬಿರುಕು ಬಾಯಿ ಬಿಡುತ್ತಿತ್ತು. ಬಿಚ್ಚಿ ಬೆರಳಲ್ಲಿ ಮಡಿಸಿದ ಮೇಲೇ ಕಣ್ಣಿಗೆ ಬಿದ್ದಿದ್ದು.

ನಿಮ್ಮ ಪ್ರಶ್ನೆಯಲ್ಲೇ ಅರ್ಧ ಉತ್ತರವಿದೆ. ತಣ್ಣಗಿದ್ದಾಗ ಚೋಕ್ ಎಳೆದರೆ ಸರಿ, ಕಾದಾಗ ಚೋಕ್ ಇಲ್ಲದೆ ಸರಿಯಿಲ್ಲ. ಓಡುವಾಗ ಸರಿ, ನಿಂತಾಗ ಮಾತ್ರ ತೊಂದರೆ. ಐಡ್ಲಿಂಗ್‌ನಲ್ಲಿ ಥ್ರಾಟಲ್ ಹೆಚ್ಚುಕಡಿಮೆ ಮುಚ್ಚಿರುತ್ತದೆ, ಎಂಜಿನ್ ಎಳೆದುಕೊಳ್ಳುವ ಗಾಳಿಯೂ ಪೆಟ್ರೋಲೂ ತೀರಾ ಸ್ವಲ್ಪ. ಮದುವೆಮನೆಯ ಸಾರಿಗೆ ಒಂದು ಚಮಚ ಉಪ್ಪು ಹೆಚ್ಚಾದರೆ ಯಾರಿಗೂ ಗೊತ್ತಾಗುವುದಿಲ್ಲ. ಅದೇ ಚಮಚ ಒಬ್ಬರ ತಟ್ಟೆಗೆ ಬಿದ್ದರೆ ಬಾಯಿಗಿಡಲಾಗದು. ಐವತ್ತರ ಸ್ಪೀಡಿನಲ್ಲಿ ಲೆಕ್ಕಕ್ಕೇ ಬಾರದ ಸಣ್ಣ ಸೋರಿಕೆ, ಸಣ್ಣ ಸವೆತ ಎಲ್ಲವೂ ಸಿಗ್ನಲ್‌ನಲ್ಲಿ ದೊಡ್ಡದಾಗುವುದು ಹೀಗೆ.

ಮೊದಲ ಪರೀಕ್ಷೆಗೆ ಒಂದು ಪೈಸೆ ಖರ್ಚಿಲ್ಲ. ಗಾಡಿ ಚೆನ್ನಾಗಿ ಕಾದು ಕುಂಟುತ್ತಿರುವಾಗಲೇ ಚೋಕ್ ಗುಂಡಿಯನ್ನು ಅರ್ಧ ಇಂಚು ಎಳೆಯಿರಿ. ಅಷ್ಟಕ್ಕೇ ಕುಂಟು ನಿಂತು ಎಂಜಿನ್ ನಯವಾದರೆ ಪೆಟ್ರೋಲ್ ಸಾಲುತ್ತಿಲ್ಲ ಅಥವಾ ಗಾಳಿ ಹೆಚ್ಚಾಗಿದೆ ಎಂದರ್ಥ. ಇನ್ನಷ್ಟು ಹದಗೆಟ್ಟು, ಸೈಲೆನ್ಸರಿನಿಂದ ಕಪ್ಪು ಹೊಗೆ ಬಂದರೆ ಈಗಾಗಲೇ ಪೆಟ್ರೋಲ್ ಹೆಚ್ಚಾಗಿದೆ. ಯಾವ ವ್ಯತ್ಯಾಸವೂ ಕಾಣದಿದ್ದರೆ ಕಿಡಿಯದ್ದೋ ವಾಲ್ವಿನದ್ದೋ ತೊಂದರೆ. ಎಸ್‌ಯು ಕಾರ್ಬುರೇಟರಿನಲ್ಲಿ ಚೋಕ್ ಎಂದರೆ ಗಾಳಿಗೆ ಅಡ್ಡ ಬರುವ ತಗಡಲ್ಲ, ಅದು ಪೆಟ್ರೋಲ್ ಬರುವ ಜೆಟ್ಟನ್ನೇ ಕೆಳಕ್ಕೆ ಎಳೆಯುತ್ತದೆ. ಎಷ್ಟೋ ಸಲ ಗುಂಡಿ ಒಳಕ್ಕೆ ತಳ್ಳಿದ ಮೇಲೂ ಜೆಟ್ ಪೂರ್ತಿ ಮೇಲಕ್ಕೆ ಹೋಗದೆ ನಡುವೆಯೇ ಸಿಕ್ಕಿಕೊಂಡಿರುತ್ತದೆ. ಬಾನೆಟ್ ತೆಗೆದು, ಕಾರ್ಬುರೇಟರಿನ ಅಡಿಯಲ್ಲಿರುವ ಜೆಟ್ಟಿನ ತಲೆಯನ್ನು ಬೆರಳಿನಿಂದ ಮೇಲಕ್ಕೆ ಒತ್ತಿ. ಟಕ್ ಎಂದು ಮೇಲೇರಿ, ಐಡ್ಲಿಂಗ್ ಸರಿಯಾಯಿತೋ? ಚೋಕ್ ಕೇಬಲ್ಲಿಗೆ ಎಣ್ಣೆ ಬಿಟ್ಟು, ಸ್ವಲ್ಪ ಸಡಿಲ ಕೊಟ್ಟು ಮನೆಗೆ ಹೋಗಿ.

ಎರಡನೆಯದು, ಪ್ಲಗ್ ವೈರ್ ಒಂದೊಂದೇ ಕಿತ್ತು ನೋಡುವುದು. ಒಣ ಕೈ, ದಪ್ಪ ರಬ್ಬರ್ ಗ್ಲೌಸ್ ಇರಲಿ, ಕಿತ್ತ ವೈರಿನ ತುದಿಯನ್ನು ಎಂಜಿನ್ನಿಗೆ ತಾಗಿಸಿಡಿ. ಇಲ್ಲದಿದ್ದರೆ ಕಾಯಿಲ್ ಕೊಡುವ ಹೊಡೆತ ಮೊಣಕೈವರೆಗೆ ಹೋಗುತ್ತದೆ. ಯಾವ ವೈರ್ ಕಿತ್ತರೆ ಎಂಜಿನ್ನಿನ ಸದ್ದು ಬದಲಾಗುವುದಿಲ್ಲವೋ ಆ ಸಿಲಿಂಡರ್ ಕೆಲಸವನ್ನೇ ಮಾಡುತ್ತಿಲ್ಲ. ಇಲ್ಲಿ ಅಂಬಾಸಿಡರಿನ 1489 ಸಿಸಿ ಎಂಜಿನ್ನಿನ ರಚನೆ ನಮಗೆ ನೆರವಾಗುತ್ತದೆ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಕಡೆಯಿಂದ ಬಂದ ಬಿಎಂಸಿ (ಬ್ರಿಟಿಷ್ ಮೋಟಾರ್ ಕಾರ್ಪೊರೇಶನ್) ಬಿ-ಸೀರೀಸ್ ಎಂಜಿನ್ ಇದು. ಇದರ ಹೆಡ್ಡಿನಲ್ಲಿ ನಾಲ್ಕು ಸಿಲಿಂಡರಿಗೆ ಗಾಳಿ ಒಳಗೆ ಹೋಗುವ ದಾರಿ ಎರಡೇ: 1 ಮತ್ತು 2ಕ್ಕೆ ಒಂದು, 3 ಮತ್ತು 4ಕ್ಕೆ ಒಂದು. ಹಾಗಾಗಿ 1 ಮತ್ತು 2 ಎರಡೂ ಒಟ್ಟಿಗೆ ಸೋತಿದ್ದರೆ ಮ್ಯಾನಿಫೋಲ್ಡ್ ಪ್ಯಾಕಿಂಗಿನ ಮುಂದಿನ ಭಾಗ ಸೋರುತ್ತಿದೆ ಎಂದು ಅನುಮಾನಿಸಿ. ನಡುವಿನ 2 ಮತ್ತು 3 ಒಟ್ಟಿಗೆ ಸತ್ತಿದ್ದರೆ ಹೆಡ್ ಪ್ಯಾಕಿಂಗ್ ಅವೆರಡರ ನಡುವೆ ಸುಟ್ಟಿರುವ ಸಾಧ್ಯತೆ ಹೆಚ್ಚು. ಒಂದೇ ಒಂದು ಸತ್ತಿದ್ದರೆ ಪ್ಲಗ್, ವೈರ್, ಇಲ್ಲವೇ ಆ ಸಿಲಿಂಡರಿನ ವಾಲ್ವ್. ನಾಲ್ಕೂ ಒಂದೇ ಸಮ ಕುಂಟುತ್ತಿದ್ದರೆ ಡೆಲ್ಕೊ (ಪ್ಲಗ್‌ಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್) ಅಥವಾ ಕಾರ್ಬುರೇಟರ್.

ಈಗ ಟ್ಯಾಪೆಟ್. ಇದನ್ನು ಮೊದಲು ಯಾಕೆ ಹೇಳುತ್ತೇನೆಂದರೆ, ಬಿಸಿಯಾದ ಮೇಲೆ ಕೆಡುವ ಗಾಡಿಗಳಲ್ಲಿ ಬಿಗಿ ಟ್ಯಾಪೆಟ್ ಪದೇ ಪದೇ ಸಿಗುವ ಕಳ್ಳ. ಅಂಬಾಸಿಡರಿನ ಟ್ಯಾಪೆಟ್ ಟಿಕಿಟಿಕಿ ಎನ್ನಬೇಕು, ಅದು ಅದರ ಸ್ವಭಾವ. ಸದ್ದು ಬಂದರೆ ಓನರ್ ಬೈಯುತ್ತಾರೆಂದು ಮೆಕ್ಯಾನಿಕ್ ಅದನ್ನು ಬಿಗಿ ಮಾಡುತ್ತಾನೆ, ಓನರ್ ಖುಷಿಯಾಗಿ ಟಿಪ್ಸ್ ಕೊಟ್ಟು ಹೋಗುತ್ತಾರೆ. ಕಾದಾಗ ಎಕ್ಸಾಸ್ಟ್ ವಾಲ್ವ್ ಉದ್ದವಾಗುತ್ತದೆ, ಅದಕ್ಕೆ ಬೇಕಾದ ಸಂದು ಇರುವುದಿಲ್ಲ, ವಾಲ್ವ್ ತನ್ನ ಸೀಟಿನ ಮೇಲೆ ಪೂರ್ತಿ ಕೂರುವುದಿಲ್ಲ, ಕಂಪ್ರೆಶನ್ ಸೋರುತ್ತದೆ. ವೇಗದಲ್ಲಿ ಆ ಸೋರಿಕೆಗೆ ಸಮಯ ಸಿಗುವುದಿಲ್ಲ. ನಿಂತಾಗ ಬೇಕಾದಷ್ಟು ಸಿಗುತ್ತದೆ.

ಇದಕ್ಕೆ ಇನ್ನೊಂದು ಹಳೆಯ ಕಾರಣವೂ ಇದೆ. ನಿಮ್ಮ ಎಂಜಿನ್ ಸೀಸ ಬೆರೆತ ಪೆಟ್ರೋಲಿನ ಕಾಲದ್ದು. ಆ ಸೀಸ ಎಕ್ಸಾಸ್ಟ್ ವಾಲ್ವಿನ ಸೀಟಿಗೆ ಮುಲಾಮಿನಂತೆ ಇತ್ತು. 2000ದ ಫೆಬ್ರವರಿಯಿಂದ ದೇಶದಾದ್ಯಂತ ಸೀಸರಹಿತ ಪೆಟ್ರೋಲೇ. ಹೆಡ್ಡಿಗೆ ಗಟ್ಟಿ ಸೀಟ್ ಕೂರಿಸದೆ ಹಾಗೇ ಓಡಿಸಿದರೆ ಸೀಟ್ ನಿಧಾನವಾಗಿ ತಿಂದುಹೋಗಿ, ವಾಲ್ವ್ ಹೆಡ್ಡಿನೊಳಕ್ಕೆ ಇಳಿದು, ಟ್ಯಾಪೆಟ್ ಸಂದು ತಾನಾಗಿಯೇ ಕಿರಿದಾಗುತ್ತದೆ. ಯಾರೂ ಮುಟ್ಟದೆಯೇ ಟ್ಯಾಪೆಟ್ ಬಿಗಿಯಾಗಿದೆ ಎಂದರೆ ಅರ್ಥ ಇದೇ. ಕೆಲವು ತಿಂಗಳಿಗೊಮ್ಮೆ ಸರಿಮಾಡುತ್ತಲೇ ಇರಬೇಕಾಗಿ ಬಂದರೆ ಹೆಡ್ ಬಿಚ್ಚಿಸಿ ಗಟ್ಟಿ ಸೀಟ್ ಹಾಕಿಸುವುದೇ ದಾರಿ.

ಸಂದು ಕಾದ ಎಂಜಿನ್ನಿನಲ್ಲಿ 0.015 ಇಂಚು, ಅಂದರೆ 0.38 ಮಿ.ಮೀ. ನೋಡುವ ಕ್ರಮಕ್ಕೆ ಒಂಬತ್ತರ ಲೆಕ್ಕ ಎಂದು ಹೆಸರು. ರೇಡಿಯೇಟರ್ ಕಡೆಯಿಂದ ವಾಲ್ವ್‌ಗಳಿಗೆ 1ರಿಂದ 8ರವರೆಗೆ ನಂಬರ್ ಕೊಡಿ. ಪ್ಲಗ್‌ಗಳನ್ನು ಬಿಚ್ಚಿಟ್ಟು, ಹ್ಯಾಂಡಲ್ ಹಾಕಿ ಎಂಜಿನ್ ನಿಧಾನ ತಿರುಗಿಸಿ. 8ನೆಯದು ಪೂರ್ತಿ ಕೆಳಗಿಳಿದು ತೆರೆದಾಗ 1ನೆಯದನ್ನು ನೋಡಿ; 6 ತೆರೆದಾಗ 3; 4 ತೆರೆದಾಗ 5. ಕೂಡಿದರೆ ಒಂಬತ್ತು ಬರಬೇಕು, ಅಷ್ಟೇ. ಸಂದು ಅಳೆಯುವ ಫೀಲರ್ ಗೇಜಿನ ತಗಡು ಬೆಣ್ಣೆಯಲ್ಲಿ ಚಾಕು ಎಳೆದಂತೆ ಸ್ವಲ್ಪ ಹಿಡಿದು ಹಿಡಿದು ಬರಬೇಕು; ಜೋಲಿ ಹೊಡೆಯಬಾರದು, ಎಳೆದಾಡುವಂತೆಯೂ ಇರಬಾರದು. ವಾಲ್ವನ್ನು ಒತ್ತುವ ರಾಕರಿನ ತುದಿಯಲ್ಲಿ ಗುಳಿ ಬಿದ್ದಿದ್ದರೆ ತಗಡು ಗುಳಿಯ ಎರಡು ಅಂಚಿನ ಮೇಲೆ ಸೇತುವೆಯಂತೆ ನಿಂತು ಸುಳ್ಳು ಹೇಳುತ್ತದೆ, ಅದನ್ನೂ ಬೆರಳಾಡಿಸಿ ನೋಡಿಕೊಳ್ಳಿ. 1, 4, 5, 8 ಎಕ್ಸಾಸ್ಟ್. ಬಿಗಿಯಾಗಿರುವುದು ಸಾಮಾನ್ಯವಾಗಿ ಇವೇ.

ವಾಲ್ವ್ ಈಗಾಗಲೇ ಸುಟ್ಟಿದೆಯೇ ಎಂದು ತಿಳಿಯಲು ನನ್ನ ಹತ್ತಿರ ಒಂದು ಉಪಾಯವಿದೆ. ಎಂಜಿನ್ ಐಡ್ಲಿಂಗ್‌ನಲ್ಲಿ ಇರುವಾಗ ಸೈಲೆನ್ಸರಿನ ಬಾಯಿಗೆ ಅಂಗುಲ ದೂರದಲ್ಲಿ ಹಳೆಯ ಲಗ್ನಪತ್ರಿಕೆಯೊಂದನ್ನು ಹಿಡಿಯಿರಿ. ಒಂದೇ ಲಯದಲ್ಲಿ ಹೊರಕ್ಕೆ ಬಡಿಯುತ್ತಿದ್ದರೆ ಒಳ್ಳೆಯದು. ನಡುನಡುವೆ ಪತ್ರಿಕೆ ಒಳಕ್ಕೆ ಎಳೆದುಕೊಂಡು ಬಾಯಿಗೆ ಅಂಟಿದರೆ ಎಕ್ಸಾಸ್ಟ್ ವಾಲ್ವ್ ಸೋರುತ್ತಿದೆ. ಆಗ ಕಂಪ್ರೆಶನ್ ಗೇಜ್ ಹಾಕಿಸಿ: ಎಂಜಿನ್ ಕಾದಿರಬೇಕು, ನಾಲ್ಕೂ ಪ್ಲಗ್ ಬಿಚ್ಚಿರಬೇಕು, ಆಕ್ಸಿಲರೇಟರ್ ಪೂರ್ತಿ ಒತ್ತಿರಬೇಕು. ಅಂಕಿ ಎಷ್ಟು ಬಂತು ಎನ್ನುವುದಕ್ಕಿಂತ ನಾಲ್ಕರ ನಡುವೆ ಎಷ್ಟು ವ್ಯತ್ಯಾಸ ಎನ್ನುವುದು ಮುಖ್ಯ.

ಟ್ಯಾಪೆಟ್ ಮುಗಿಯಿತು, ಡಿಸ್ಟ್ರಿಬ್ಯೂಟರಿಗೆ ಬನ್ನಿ, ನಮ್ಮ ಗ್ಯಾರೇಜುಗಳ ಭಾಷೆಯಲ್ಲಿ ಡೆಲ್ಕೊ. ಕ್ಯಾಪ್ ತೆಗೆದು ಪಾಯಿಂಟ್ ನೋಡಿ. ಒಂದು ಕಡೆ ಗುಳಿ ಬಿದ್ದು, ಇನ್ನೊಂದು ಕಡೆ ಉಬ್ಬು ಎದ್ದಿದ್ದರೆ ಫೀಲರ್ ಗೇಜ್ ಅಲ್ಲೂ ಸುಳ್ಳು ಹೇಳುತ್ತದೆ. ಹೊಸ ಸೆಟ್ ಹಾಕಿ, ಸಂದು 0.35ರಿಂದ 0.40 ಮಿ.ಮೀ. ಇಡಿ. ಆಮೇಲೆ ರೋಟರ್ ಕೂರುವ ಶಾಫ್ಟನ್ನು ಎರಡು ಬೆರಳಲ್ಲಿ ಹಿಡಿದು ಅಕ್ಕಪಕ್ಕ ಅಲ್ಲಾಡಿಸಿ. ಅಲ್ಲಾಡಿದಂತೆಲ್ಲ ಪಾಯಿಂಟಿನ ಸಂದು ಬಾಯಿ ತೆರೆದು ಮುಚ್ಚಿದರೆ ಬುಷ್ ಸವೆದಿದೆ. ಆ ಡೆಲ್ಕೊ ಇಟ್ಟುಕೊಂಡು ಎಷ್ಟೇ ಟ್ಯೂನ್ ಮಾಡಿದರೂ ಐಡ್ಲಿಂಗ್ ನಿಲ್ಲುವುದಿಲ್ಲ, ಲೇತ್ ಅಂಗಡಿಗೆ ಕೊಟ್ಟು ಬುಷ್ ಹಾಕಿಸಿ. ಬರೀ ರಿಪೇರಿ ಅಂಗಡಿಯವನ ಮಾತು ಕೇಳಿ ಎಲೆಕ್ಟ್ರಾನಿಕ್ ಇಗ್ನಿಶನ್ ಹಾಕಿಸಿದರೂ ಅಲ್ಲಾಡುವ ಶಾಫ್ಟ್ ಅಲ್ಲಾಡುತ್ತಲೇ ಇರುತ್ತದೆ.

ಕಂಡೆನ್ಸರ್ ಬೇರೆಯೇ ಪೀಡೆ. ಕಿರುಬೆರಳಷ್ಟು ಡಬ್ಬಿ, ಬೆಲೆ ಏನೂ ಇಲ್ಲ, ಆದರೆ ತಣ್ಣಗಿದ್ದಾಗ ನೆಟ್ಟಗಿದ್ದು ಕಾದ ಮೇಲೆ ಕೈ ಕೊಡುವುದರಲ್ಲಿ ಎತ್ತಿದ ಕೈ. ಪಾಯಿಂಟ್ ತೆರೆಯುವಾಗ ಅಲ್ಲಿ ಕಿಡಿ ಹಾರದಂತೆ ನೋಡಿಕೊಳ್ಳುವುದು ಇದರ ಕೆಲಸ. ಅದು ಸೋತರೆ ಪಾಯಿಂಟ್ ನೀಲಿಗಟ್ಟುತ್ತದೆ, ಪ್ಲಗ್ಗಿಗೆ ಹೋಗುವ ಕಿಡಿ ನೀಲಿಯ ಬದಲು ಹಳದಿಯಾಗಿ ಬಡಕಲಾಗುತ್ತದೆ. ಮೀಟರಿನಲ್ಲಿ 0.2 ಮೈಕ್ರೋಫ್ಯಾರಡ್ ಆಸುಪಾಸು ತೋರಿಸಬೇಕು, ಆದರೆ ತಣ್ಣಗಿರುವಾಗ ಅಳೆದರೆ ಪ್ರಯೋಜನವಿಲ್ಲ. ಗಾಡಿ ಕುಂಟುತ್ತಿರುವಾಗಲೇ ಇನ್ನೊಂದು ಕಂಡೆನ್ಸರ್ ಹಾಕಿ ನೋಡುವುದೇ ಸರಿಯಾದ ಪರೀಕ್ಷೆ. ಈಗ ಹೊಸದಾಗಿ ಸಿಗುವ ಎಷ್ಟೋ ಕಂಡೆನ್ಸರುಗಳಿಗಿಂತ ಓಡುತ್ತಿರುವ ಗಾಡಿಯಿಂದ ಬಿಚ್ಚಿದ ಹಳೆಯದೇ ವಾಸಿ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲೋ ಶಿವಾಜಿನಗರದ ಗುಜರಿಯಲ್ಲೋ ಅಡ್ಡಾಡಿದಾಗ ಹಳೆಯ ಸ್ಟಾಕಿನ ಪೊಟ್ಟಣ ಕಂಡರೆ ಎರಡು ಎತ್ತಿಟ್ಟುಕೊಳ್ಳಿ. ಪ್ಲಗ್ ಸಂದು 0.025 ಇಂಚು. ಆಡುಗೋಡಿಯ ಮೈಕೊ ಪ್ಲಗ್ ಮನೆಮಾತಾಗಿದ್ದ ಕಾಲದ ಗಾಡಿ ನಿಮ್ಮದು. ಈಗ ಯಾವ ಕಂಪನಿಯದಾದರೂ ಸರಿ, ನಾಲ್ಕೂ ಒಂದೇ ನಂಬರಿನವು ಇರಲಿ.

ಇನ್ನು ಕಳ್ಳಗಾಳಿ. ಸರದಿಯಲ್ಲಿ ಇದು ಮೂರನೆಯದಾದರೂ, ನಿಮ್ಮ ಲಕ್ಷಣಗಳನ್ನು ಓದಿದರೆ ನನ್ನ ಮೊದಲ ಅನುಮಾನ ಇದರ ಮೇಲೇ. ಬೆಳಿಗ್ಗೆ ಚೋಕ್ ಎಳೆದಾಗ ಪೆಟ್ರೋಲ್ ಧಾರಾಳ, ಸೋರಿ ಬಂದ ಗಾಳಿಯನ್ನು ಅದು ನುಂಗಿಕೊಳ್ಳುತ್ತದೆ. ಚೋಕ್ ಒಳಗೆ ಹೋದ ಮೇಲೆ ಬಣ್ಣ ಬಯಲು. ಗಾಳಿ ನುಗ್ಗುವ ಜಾಗಗಳು ಇವು: ಮ್ಯಾನಿಫೋಲ್ಡ್ ಪ್ಯಾಕಿಂಗ್, ಕಾರ್ಬುರೇಟರಿನ ಬುಡದ ಪ್ಯಾಕಿಂಗ್, ಬ್ರೇಕಿಗೆ ವ್ಯಾಕ್ಯೂಮ್ ಬೂಸ್ಟರ್ ಹಾಕಿಸಿದ್ದರೆ ಅದರ ಪೈಪ್, ಮತ್ತು ಎಲ್ಲಕ್ಕಿಂತ ಹೆಚ್ಚಾಗಿ ಥ್ರಾಟಲ್ ಸ್ಪಿಂಡಲ್, ಅಂದರೆ ಥ್ರಾಟಲಿನ ತಗಡು ತಿರುಗುವ ಕಡ್ಡಿ. ಕೆಲವು ಗ್ಯಾರೇಜುಗಳಲ್ಲಿ ಸೋರಿಕೆ ಹುಡುಕಲು ಪೆಟ್ರೋಲ್ ಚಿಮುಕಿಸುತ್ತಾರೆ. ದಯವಿಟ್ಟು ಬೇಡ. ಇನ್‌ಟೇಕ್ ಮತ್ತು ಎಕ್ಸಾಸ್ಟ್ ಎರಡೂ ಈ ಎಂಜಿನ್ನಿನ ಒಂದೇ ಪಕ್ಕದಲ್ಲಿವೆ, ಕೆಳಗೆ ಕಾದ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಬಾಯಿ ತೆರೆದು ಕೂತಿರುತ್ತದೆ. ಸೂಜಿ ತೆಗೆದ ಸಿರಿಂಜಿನಲ್ಲಿ ಎಂಜಿನ್ ಆಯಿಲ್ ತುಂಬಿ ಸ್ಪಿಂಡಲ್ಲಿನ ಎರಡು ತುದಿಗೂ ಒಂದೊಂದು ಹನಿ ಬಿಡಿ. ಎಂಜಿನ್ ನಾಲ್ಕೈದು ಸೆಕೆಂಡು ನಯವಾಗಿ ಮತ್ತೆ ಕುಂಟಿದರೆ ಎಣ್ಣೆ ಆ ಸಂದನ್ನು ತಾತ್ಕಾಲಿಕವಾಗಿ ಮುಚ್ಚಿದೆ ಎಂದರ್ಥ, ಸ್ಪಿಂಡಲ್ ಸವೆದಿದೆ. ಹೊಸ ಸ್ಪಿಂಡಲ್ ಮತ್ತು ಬುಷ್ ಸಾಕು, ಇಡೀ ಕಾರ್ಬುರೇಟರ್ ಬೇಕಿಲ್ಲ. ಪ್ಯಾಕಿಂಗಿನ ಮೇಲಂಚಿಗೂ ಹಾಗೇ ಹನಿ ಹನಿಯಾಗಿ ಬಿಟ್ಟು ನೋಡಿ, ಕೆಳಗೆ ಸುರಿಯಬೇಡಿ. ಮ್ಯಾನಿಫೋಲ್ಡಿನ ನಟ್ಟುಗಳನ್ನು ಒಮ್ಮೆ ಬಿಗಿಗೊಳಿಸಿದರೇ ಗುಣವಾದ ಗಾಡಿಗಳೂ ಇವೆ.

ಇದೇ ಒಂದೇ ಪಕ್ಕದ ಏರ್ಪಾಡಿನಿಂದ ಇನ್ನೊಂದು ತೊಂದರೆಯಿದೆ. ಟ್ರಾಫಿಕ್‌ನಲ್ಲಿ ಹತ್ತು ನಿಮಿಷ ನಿಂತಾಗ, ಅಥವಾ ಓಡಿ ಬಂದು ಆಫ್ ಮಾಡಿ ಕಾಫಿ ಕುಡಿದು ಮತ್ತೆ ಸ್ಟಾರ್ಟ್ ಮಾಡಿದಾಗ ಮಾತ್ರ ಕುಂಟಿ, ಎರಡು ನಿಮಿಷ ಓಡಿದ ಮೇಲೆ ಸರಿಹೋಗುವುದಾದರೆ ಅದು ಬೇರೆ ಕಾಯಿಲೆ: ಕೆಳಗಿನ ಶಾಖಕ್ಕೆ ಪೆಟ್ರೋಲ್ ಕಾರ್ಬುರೇಟರಿನ ಫ್ಲೋಟ್ ಚೇಂಬರಿನಲ್ಲೇ (ಪೆಟ್ರೋಲ್ ನಿಲ್ಲುವ ಬಟ್ಟಲಿನಲ್ಲೇ) ಕುದಿಯುತ್ತಿದೆ. ಕಾರ್ಬುರೇಟರಿಗೂ ಮ್ಯಾನಿಫೋಲ್ಡಿಗೂ ನಡುವೆ ಶಾಖ ತಡೆಯುವ ದಪ್ಪ ಫೈಬರ್ ತುಂಡು, ಕೆಳಗೊಂದು ತಗಡಿನ ಮರೆ ಇರಬೇಕು. ಯಾವುದೋ ರಿಪೇರಿಯಲ್ಲಿ ಬಿಚ್ಚಿದವರು ಮತ್ತೆ ಹಾಕಿರುವುದಿಲ್ಲ. ಇದೆಯೇ ನೋಡಿ.

ಈಗಿನ ಪೆಟ್ರೋಲೂ ಇದಕ್ಕೆ ತನ್ನ ಪಾಲು ಸೇರಿಸಿದೆ. ಶೇ. 20 ಎಥನಾಲ್ ಬೆರೆತ ಇ20 ಪೆಟ್ರೋಲಿಗೆ ಚಾಲನೆ ಸಿಕ್ಕಿದ್ದು ನಮ್ಮ ಬೆಂಗಳೂರಿನಲ್ಲೇ, 2023ರ ಫೆಬ್ರವರಿ 6ರಂದು. ಈಗ ಬಂಕಿನಲ್ಲಿ ಸಾಮಾನ್ಯವಾಗಿ ಸಿಗುವುದು ಅದೇ. ಬರೀ ಪೆಟ್ರೋಲ್ ಪೂರ್ತಿ ಉರಿಯಲು ಒಂದು ಪಾಲಿಗೆ ತೂಕದಲ್ಲಿ 14.7 ಪಾಲು ಗಾಳಿ ಬೇಕು, ಎಥನಾಲಿಗೆ 9 ಸಾಕು. ಅಂದರೆ 1978ರ ಲೆಕ್ಕಕ್ಕೆ ಕೂರಿಸಿದ ಜೆಟ್ ಇವತ್ತಿನ ಪೆಟ್ರೋಲಿಗೆ ಕೈ ಬಿಗಿ ಹಿಡಿದಂತೆ, ಮಿಕ್ಸ್ಚರ್ ತೆಳುವಾಗುತ್ತದೆ. ಹೊಸ ಕಾರುಗಳ ಕಂಪ್ಯೂಟರ್ ಇದನ್ನು ತಾನೇ ಸರಿದೂಗಿಸುತ್ತದೆ, ನಿಮ್ಮದರಲ್ಲಿ ಆ ಕಂಪ್ಯೂಟರ್ ನೀವೇ. ಎಥನಾಲ್ ಹಳೆಯ ರಬ್ಬರನ್ನೂ ತಿನ್ನುತ್ತದೆ. ಪೆಟ್ರೋಲ್ ಪೈಪುಗಳನ್ನೂ ಪಂಪಿನ ಡಯಾಫ್ರಾಮನ್ನೂ ಎಥನಾಲ್ ತಡೆಯುವಂಥದ್ದಕ್ಕೆ ಬದಲಿಸಿ. ಇದು ಐಡ್ಲಿಂಗಿಗಿಂತ ಹೆಚ್ಚಾಗಿ ಗಾಡಿಗೆ ಬೆಂಕಿ ಹತ್ತದಿರಲಿ ಎಂಬ ಕಾರಣಕ್ಕೆ.

ಎಲ್ಲ ಮುಗಿದ ಮೇಲೆ ಈಗ ಕಾರ್ಬುರೇಟರ್. ಏರ್ ಫಿಲ್ಟರ್ ತೆಗೆದು ಕಾರ್ಬುರೇಟರಿನೊಳಗಿನ ಪಿಸ್ಟನ್ನನ್ನು ಬೆರಳಲ್ಲಿ ಎತ್ತಿ ಬಿಡಿ, ಟಕ್ ಎಂದು ಬುಡಕ್ಕೆ ಬೀಳಬೇಕು. ಸದ್ದಿಲ್ಲದೆ ನಿಂತರೆ ಜೆಟ್ ನಡುವಿಗೆ ಕೂತಿಲ್ಲ ಅಥವಾ ಪಿಸ್ಟನ್ ಹಿಡಿದಿದೆ. ಆಮೇಲೆ ಎಂಜಿನ್ ಕಾದು ಐಡ್ಲಿಂಗ್‌ನಲ್ಲಿರುವಾಗ ಪಕ್ಕದ ಸಣ್ಣ ಪಿನ್ನಿನಿಂದ ಪಿಸ್ಟನ್ನನ್ನು ಒಂದು ಮಿಲಿಮೀಟರಿಗಿಂತ ಕಡಿಮೆ ಎತ್ತಿ. ಸ್ಪೀಡ್ ಏರಿ ಹಾಗೇ ನಿಂತರೆ ಪೆಟ್ರೋಲ್ ಹೆಚ್ಚು. ತಕ್ಷಣ ಕುಸಿದು ಆಫ್ ಆಗುವಂತಾದರೆ ಕಡಿಮೆ. ಒಂದು ಕ್ಷಣ ಮೇಲೆದ್ದು ಮತ್ತೆ ಮೊದಲಿನಂತಾದರೆ ಸರಿಯಾಗಿದೆ. ಕಡಿಮೆಯಿದ್ದರೆ ಅಡಿಯ ನಟ್ಟಿನ ಆರು ಮುಖಗಳಲ್ಲಿ ಒಂದೊಂದೇ ಮುಖ ಕೆಳಕ್ಕೆ ತಿರುಗಿಸಿ, ಪ್ರತಿ ಸಲವೂ ಒಮ್ಮೆ ರೇಸ್ ಕೊಟ್ಟು ಬಿಟ್ಟು ಮತ್ತೆ ಪರೀಕ್ಷಿಸಿ. ಇ20ಗೆ ನನ್ನ ಅನುಭವದಲ್ಲಿ ಒಂದೋ ಎರಡೋ ಮುಖ ಬೇಕಾಗುತ್ತದೆ. ಕಡೆಯಲ್ಲಿ ಐಡ್ಲಿಂಗನ್ನು ನಿಮಿಷಕ್ಕೆ 600-700 ಸುತ್ತಿಗೆ ಇಡಿ. ಮೇಲಿನ ಡ್ಯಾಂಪರಿಗೆ ಎಣ್ಣೆ ಹಾಕುವುದನ್ನು ಮರೆಯಬೇಡಿ, ಆದರೆ ಅದರಿಂದ ಐಡ್ಲಿಂಗ್ ಸರಿಯಾಗುತ್ತದೆ ಎಂದು ಯಾರಾದರೂ ಹೇಳಿದರೆ ನಗಿ. ಅದು ರೇಸ್ ಕೊಟ್ಟಾಗಿನ ಕೆಲಸಕ್ಕೆ ಮಾತ್ರ.

ವ್ಯಾಕ್ಯೂಮ್ ಗೇಜ್ ಇರುವ ಮೆಕ್ಯಾನಿಕ್ ಸಿಕ್ಕರೆ ಒಂದು ಮಾತು ಹೇಳಿ. ಪುಸ್ತಕದಲ್ಲಿ 17ರಿಂದ 21 ಇಂಚು (ಪಾದರಸದ ಲೆಕ್ಕದಲ್ಲಿ) ಎಂದು ಬರೆದಿರುವುದು ಸಮುದ್ರಮಟ್ಟದ ಲೆಕ್ಕ. ಪ್ರತಿ ಸಾವಿರ ಅಡಿಗೆ ಸುಮಾರು ಒಂದು ಇಂಚು ಕಡಿಮೆಯಾಗುತ್ತದೆ. ಮೈಸೂರು ಸುಮಾರು 770 ಮೀಟರ್ ಎತ್ತರದಲ್ಲಿದೆ, ಅಂದರೆ ಎರಡೂವರೆ ಇಂಚು ಕಳೆಯಬೇಕು. ಮಂಗಳೂರಿನಲ್ಲಿ 18 ತೋರಿಸಿದ ಆರೋಗ್ಯವಂತ ಎಂಜಿನ್ ನಿಮ್ಮಲ್ಲಿ 15-16 ತೋರಿಸಿದರೆ ಗಾಬರಿಯಾಗುವಂಥದ್ದೇನಿಲ್ಲ. ಮುಳ್ಳು ಅಲ್ಲಾಡದೆ ನಿಂತಿರಬೇಕು, ಅಷ್ಟೇ. ಒಂದೇ ಲಯದಲ್ಲಿ ಹಿಂದಕ್ಕೆ ಜಿಗಿಯುತ್ತಿದ್ದರೆ ಮತ್ತೆ ವಾಲ್ವ್ ಕಡೆಗೆ ಹೋಗಿ.

ಎಲ್ಲ ಸರಿಯಿದ್ದೂ ಲಿವರ್ ಮಾತ್ರ ನಡುಗುತ್ತಿದ್ದರೆ ಎಂಜಿನ್ನಿನ ರಬ್ಬರ್ ಮೌಂಟಿಂಗ್ ಕುಸಿದಿದೆ. ಸೈಲೆನ್ಸರಿನ ಸದ್ದು ಒಂದೇ ಸಮ, ಲಗ್ನಪತ್ರಿಕೆಯೂ ಒಂದೇ ಸಮ, ಆದರೂ ಬಾಡಿ ನಡುಗುತ್ತದೆ ಎಂದರೆ ಅದೇ.

ಮಡಿಕೇರಿ ವಿಷಯ. ಅದು ನಿಮ್ಮೂರಿಗಿಂತ ಸುಮಾರು 400 ಮೀಟರ್ ಮೇಲಿದೆ. ಅಲ್ಲಿಯ ತೆಳು ಗಾಳಿಗೆ ಮಿಕ್ಸ್ಚರ್ ಸ್ವಲ್ಪ ದಪ್ಪವಾಗಿ ಐಡ್ಲಿಂಗ್ ತುಸು ಭಾರ ಅನ್ನಿಸಬಹುದು, ಅಲ್ಲಿ ನಟ್ಟು ಮುಟ್ಟಬೇಡಿ, ಇಳಿದು ಬಂದಾಗ ತಾನೇ ಸರಿಹೋಗುತ್ತದೆ. ಹೊರಡುವ ಮುಂಚೆ ರೇಡಿಯೇಟರ್ ನೀರು, ಫ್ಯಾನ್ ಬೆಲ್ಟ್ ನೋಡಿಸಿ; ಥರ್ಮೋಸ್ಟ್ಯಾಟನ್ನು ಯಾರಾದರೂ ಕಿತ್ತು ಬಿಸಾಡಿದ್ದರೆ ಹೊಸದು ಹಾಕಿಸಿ. ಡಿಕ್ಕಿಯಲ್ಲಿ ಪರೀಕ್ಷಿಸಿದ ಒಂದು ಕಂಡೆನ್ಸರ್, ಒಂದು ರೋಟರ್, ಒಂದು ಸೆಟ್ ಪಾಯಿಂಟ್, ಫೀಲರ್ ಗೇಜ್ ಇರಲಿ. ಘಾಟಿ ಹತ್ತುವಾಗ ಪೆಟ್ರೋಲ್ ಕುದಿದು ಗಾಡಿ ನಿಂತರೆ ಬಾನೆಟ್ ತೆರೆದು, ಪಂಪಿಗೆ ಒದ್ದೆ ಬಟ್ಟೆ ಸುತ್ತಿ ಹದಿನೈದು ನಿಮಿಷ ಕಾಯಿರಿ. ಆ ಬಟ್ಟೆಯನ್ನು ಕಾದ ಎಕ್ಸಾಸ್ಟ್ ಮ್ಯಾನಿಫೋಲ್ಡಿಗೆ ಮಾತ್ರ ತಾಗಿಸಬೇಡಿ. ಬೀಡುಕಬ್ಬಿಣ, ಬಿರುಕು ಬಿಟ್ಟುಬಿಡುತ್ತದೆ.